ವೈ ಅಂದರೆ

ಈ ಎಸ್ಟೇಟಿನಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಇಪ್ಪತ್ತೊಂಬತ್ತು ವರ್ಷ ಬರೆದದ್ದು ಇಷ್ಟೇ:
ಯಾರು ಬಂದರು, ಯಾರು ಬರಲಿಲ್ಲ,
ಎಷ್ಟು ಕಿಲೋ ಹಣ್ಣು, ಎಷ್ಟು ಅಡ್ವಾನ್ಸು.

ಜೂನಿನಲ್ಲಿ ಎರಡು ಫೈಲು ಕಂಕುಳಲ್ಲಿಟ್ಟು
ಸಿದ್ದಾಪುರದಲ್ಲಿ ವಿರಾಜಪೇಟೆ ಬಸ್ಸು ಹತ್ತಿದೆ.
ಒಂದು ಬಂಗಲೆಯದು, ಒಂದು ಲೈನ್‌ಮನೆಯದು.

ಬಂಗಲೆಯದು ತೋರೆಮಾಡಂಡ ನಿರನ್ ದೇವಯ್ಯ.
ಕೊಡಗಿನಲ್ಲಿ ಮನೆತನ ಮುಂದೆ, ಮನುಷ್ಯ ಹಿಂದೆ;
ತೋರೆಮಾಡಂಡ ಅಂದರೆ ಸಾಕು,
ಗದ್ದೆ, ಐನ್‌ಮನೆ, ಗೋಡೆಯ ಕೋವಿ,
ಸತ್ತುಹೋದ ಅಷ್ಟೂ ತಲೆಮಾರು
ಎದ್ದು ಬಂದು ಸಾಕ್ಷಿ ಹೇಳುತ್ತವೆ.

ಲೈನ್‌ಮನೆಯದು ವೈ. ಎಂ. ಸುಗುಣ.
'ವೈ ಅಂದರೇನಮ್ಮ?' ಕೌಂಟರಿನಲ್ಲಿ ಕೇಳಿದರು.
'ಯರವರ.'
'ಅದು ಜಾತಿ. ನಾನು ಕೇಳಿದ್ದು ಮನೆತನ.'
ಅವಳು ನನ್ನ ಕಡೆ ನೋಡಿದಳು.
ಮನೆತನ ಇರಬೇಕಾದ ಜಾಗದಲ್ಲಿ
ಯಾರೋ ಮಾಸ್ತರು ಒಂದು ಬೆಳಿಗ್ಗೆ
ಇಡೀ ಜಾತಿಯನ್ನೇ ಕೂರಿಸಿ ಎದ್ದು ಹೋಗಿದ್ದರು,
ಅದಕ್ಕೆ ಅವಳೇನು ಮಾಡಿಯಾಳು.

ದಾಖಲೆ ಎಲ್ಲಿ? ಲೈನ್‌ಮನೆಗೆ ನಂಬರಿಲ್ಲ.
ಕರೆಂಟು ಬಿಲ್ಲು ಎಸ್ಟೇಟಿನ ಹೆಸರಲ್ಲಿ.
ಅಪ್ಪ ಶಾಲೆಯ ಜಗಲಿಯನ್ನೂ ಹತ್ತಿದವನಲ್ಲ.
'ಮುಖ ನೋಡಿದರೇ ಗೊತ್ತಾಗುತ್ತಲ್ಲ ಸಾರ್' ಅಂದ ಗುಮಾಸ್ತ,
ತನ್ನ ಕೂದಲನ್ನು ಬೆರಳಿಗೆ ಸುರುಳಿ ಸುತ್ತಿ ತೋರಿಸಿ.
'ಮುಖಕ್ಕೆ ಸೀಲು ಹೊಡೆಯಲಿಕ್ಕಾಗುತ್ತಾ' ಅಂದ ಇನ್ನೊಬ್ಬ.
ಅವಳು ಜಡೆಯ ರಿಬ್ಬನ್ನು ಬಿಗಿಮಾಡಿಕೊಂಡಳು.

ಆ ರಾತ್ರಿ ಪಲ್ಪ್‌ಹೌಸಿನ ಅಟ್ಟ ಹತ್ತಿದೆ.
ಗೆದ್ದಲು ತಿಂದು ಬಿಟ್ಟದ್ದರಲ್ಲಿ ಸಿಕ್ಕಿತು
ಅರವತ್ತೆಂಟನೇ ಇಸವಿಯ ಮಸ್ಟರ್ ಪುಸ್ತಕ,
ಯಾವನೋ ಹಳೇ ರೈಟರ ದುಂಡು ಅಕ್ಷರ:
'ಯರವರ ಚೋಮಿ. ಹೆಣ್ಣಾಳು.
ಮದುವೆ ಅಡ್ವಾನ್ಸು ನೂರಿಪ್ಪತ್ತು ರೂಪಾಯಿ.
ಗಂಡ, ಮಕ್ಕಳು ತೀರಿಸತಕ್ಕದ್ದು.'
ಕೆಳಗೆ ಹೆಬ್ಬೆಟ್ಟು. ಶಾಯಿ ಇನ್ನೂ ನೀಲಿ.

ಸಾಲಕ್ಕೆ ಬರೆದಿಟ್ಟ ಅಜ್ಜಿಯ ಹೆಸರು
ಸೀಟಿಗೆ ಸಾಕ್ಷಿಯಾಯಿತು. ಝೆರಾಕ್ಸು, ಪುಟಕ್ಕೆ ಎರಡು ರೂಪಾಯಿ.
ಎಸ್ಟೇಟಿನ ಸೀಲು ಧಣಿಯೇ ಹಾಕಿದರು, ಸುಳ್ಳು ಹೇಳಬಾರದು.
ಹಾಕಿ, ಪುಟವನ್ನು ಮತ್ತೊಮ್ಮೆ ಓದಿ,
ಕನ್ನಡಕ ತೆಗೆದಿಟ್ಟು ಅಂದರು:
'ಇದೆಲ್ಲ ನಮ್ಮ ಅಜ್ಜನ ಕಾಲ.'
ನಾನು ಹೌದು ಅಂದೆ.

ಪಟ್ಟಿ ಬಂತು.
ಅವಳಿಗೆ ಬೆಂಗಳೂರಿನ ಆ ಮೆಡಿಕಲ್ ಕಾಲೇಜು,
ಹೆಸರೆತ್ತಿದರೆ ಡಾಕ್ಟರುಗಳೇ ಕತ್ತು ನೆಟ್ಟಗೆ ಮಾಡುವಂಥದ್ದು.
ನಿರನ್‌ಗೆ ಇಲ್ಲ.
ಅವನಿಗೆ ಅವಳಿಗಿಂತ ನೂರ ಹದಿನೇಳು ಮಾರ್ಕು ಹೆಚ್ಚು.

ಹುಡುಗ ಕಷ್ಟಪಟ್ಟಿದ್ದ, ಅದನ್ನೂ ಬರೆಯಬೇಕು.
ಮೈಸೂರಿನಲ್ಲಿ ಎರಡು ವರ್ಷ ಕೋಚಿಂಗು,
ಪುತ್ತರಿಗೂ ಬಂದಿರಲಿಲ್ಲ.
ಅವನ ಪುಸ್ತಕದಲ್ಲೇ ಅವಳು ಓದಿದ್ದು, ತಾನಾಗಿ ಕೊಟ್ಟಿದ್ದ;
ಅವನ ಪೆನ್ಸಿಲಿನ ಗೆರೆಯ ಕೆಳಗೆ
ಅವಳದೊಂದು ಕೆಂಪು ಗೆರೆ.

ಅವನ ತಾಯಿ ಆಫೀಸಿನ ಬಾಗಿಲಿಗೆ ಬಂದು ನಿಂತರು:
'ಲೆಕ್ಕ ಬರೆಯುವವರು, ನೀವೇ ಹೇಳಿ,
ಇದು ನ್ಯಾಯವಾ?'

ಬಾಯಿತನಕ ಬಂದದ್ದು:
ಅಮ್ಮಾ, ನಿಮ್ಮ ಮಗನ ಫೈಲಿನಲ್ಲೂ ಇತ್ತು
ಒಂದು ಜಾತಿ ಸರ್ಟಿಫಿಕೇಟು, ತ್ರೀ-ಎ,
ಅದೇ ಬಸ್ಸಿನಲ್ಲಿ, ಅದೇ ಕಂಕುಳಲ್ಲಿ ಒಯ್ದದ್ದು.
ಅವನದನ್ನು ನೋಡಿ ಕೌಂಟರಿನವರು ಕೇಳಿದ್ದು ಇಷ್ಟೇ,
'ಅಪ್ಪಾಜಿ ಹೇಗಿದ್ದಾರೆ?'

ಹೊರಗೆ ಬಂದದ್ದು:
'ಶನಿವಾರದ ಬಟವಾಡೆ ಲೆಕ್ಕ ಬಾಕಿ ಇದೆ, ಅಮ್ಮಾ.'

ಆಮೇಲೆ ಹೊಳೆಬದಿಯ ಹನ್ನೊಂದು ಏಕರೆ ಹೋಯಿತು.
ಮಂಗಳೂರಿನ ಆ ಸೀಟಿಗೆ ಯಾರೂ ಮಾರ್ಕು ಕೇಳಲಿಲ್ಲ.
ಯಾವ ಕಲಮಿನಲ್ಲಿ ಬರೆಯುವುದೋ ತಿಳಿಯದೆ
ಅಡ್ವಾನ್ಸು ಅಂತ ಬರೆದೆ.
ಯಾರು ತೀರಿಸತಕ್ಕದ್ದು, ಅದು ಖಾಲಿ.

ಮೊನ್ನೆ ಸುಗುಣಳ ಫೋನು.
ಹಾಸ್ಟೆಲಿನಲ್ಲಿ ಮೊದಲ ದಿನ, ಹೆಸರು ಕೇಳುವ ಮುಂಚೆ,
'ರ‍್ಯಾಂಕ್ ಎಷ್ಟು?' ಅಂದರಂತೆ.
ಆಮೇಲೆ, 'ವೈ ಅಂದರೆ?'
'ನೀನೇನು ಹೇಳಿದೆ?'
'ಚೋಮಿಯ ಮೊಮ್ಮಗಳು ಅಂದೆ, ರೈಟರೇ.
ಅವರಿಗೆ ಅದು ಯಾವುದೋ ದೊಡ್ಡ ಮನೆತನ ಅನ್ನಿಸಿರಬೇಕು.'
ಆಮೇಲೆ ಅವಳು ನಕ್ಕಳೋ,
ಸಿಗ್ನಲ್ಲು ಕಡಿಯಿತೋ.