ಸಿ ಮಾತ್ರ ತೆಗಿ

"ಸಿ ಮಾತ್ರ ತೆಗಿ ಜಿಲಾನಿ, ಡಿ ಮುಟ್ಟಬ್ಯಾಡ."
ಹಂಪಮ್ಮ ಹೇಳಿದ್ದು ಅಷ್ಟೇ. ಯಾರೋ ಕಲಿಸಿಕೊಟ್ಟ ಮಾತು.
ಡಿ ತೆರೆದು ನೋಡಿದೆ. ಖಾಲಿ.
ಆಕೆಯ ಸಂಸಾರವೆಲ್ಲ ಡೆಸ್ಕ್‌ಟಾಪಿನ ಮೇಲೆ,
ಅಂದರೆ ಸಿಯಲ್ಲೇ,
ಪಾತ್ರೆ ಪಗಡವೆಲ್ಲ ಹೊರಗಿನ ಕಟ್ಟೆಗೆ ಹರವಿ
ಬರಿದಾದ ಒಳಕೋಣೆಗೆ ಬೀಗ ಜಡಿದ ಹಾಗೆ.

ರಾಯಚೂರು. ತಹಸೀಲ್ ಕಚೇರಿಯೆದುರು ತಗಡಿನ ಡಬ್ಬಿ ಅಂಗಡಿ.
ಏಪ್ರಿಲ್ಲಿನ ಹನ್ನೊಂದು ಗಂಟೆಗೇ
ಮೌಸು ಹಿಡಿದರೆ ಹುರಿದ ಶೇಂಗಾ ಹಿಡಿದ ಹಾಗೆ.
ಸಿಪಿಯು ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ
ಮಾರ್ಕೆಟ್ಟಿನಿಂದ ಹಾರಿಬಂದ ಹತ್ತಿಯ ಎಳೆ,
ಝೆರಾಕ್ಸಿನ ಕರಿ ಪುಡಿ, ಒಣಗಿದ ಒಂದು ಹಲ್ಲಿಮರಿ.
ಊದಿದೆ. ಒಂಬತ್ತು ವರ್ಷ ನನ್ನ ಗಂಟಲಿಗಿಳಿಯಿತು.

"ಏನೇನು ಉಳಿಸ್ಲಿ ಅಕ್ಕ?"
ಎಂಟು ಜಿಬಿ ಸಾಲದೇನೋ ಎಂಬ ಅಳುಕು ನನಗೆ.
ವಂಶವೃಕ್ಷ, ಪಹಣಿ ತಿದ್ದುಪಡಿ, ಕಳೆದುಹೋದ ಮಾರ್ಕ್ಸ್ ಕಾರ್ಡು,
ತಾಲ್ಲೂಕಿನ ಅರ್ಧ ಜನ ಇಲ್ಲಿ ಹೆಬ್ಬೆಟ್ಟು ಒತ್ತಿ ಹೋದವರು.
"ಒಂದು ಐತಿ ನೋಡು, ಅರ್ಜಿ ಅಂತ. ಅದೊಂದು ಸಾಕು."
"ಉಳಿದದ್ದು?"
"ಉಳಿದದ್ದೆಲ್ಲ ಅದರಾಗೇ ಬಂದು ಹೋಗ್ಯಾವ."

ಹೆಸರು ಅಳಿಸಿ ಹೆಸರು, ಊರು ಅಳಿಸಿ ಊರು,
ಸರ್ವೆ ನಂಬರು ಅಳಿಸಿ ಸರ್ವೆ ನಂಬರು.
ಪ್ರಿಂಟು ಕೊಟ್ಟು, ಇಪ್ಪತ್ತು ರೂಪಾಯಿ ಇಸಕೊಂಡು,
ಮುಂದಿನವರನ್ನು ಅದೇ ಕುರ್ಚಿಗೆ ಕೂರಿಸುವುದು.
ಇಷ್ಟು ವರ್ಷಕ್ಕೆ ಮೂವತ್ತೆಂಟು ಕೆಬಿ.
ನನ್ನ ಮಗಳ ಒಂದು ಫೋಟೋದ ಕಿರುಬೆರಳಿಗೂ ಸಾಲದು.

ಇದರಲ್ಲಿರುವುದೆಲ್ಲ ನಾಶವಾಗುತ್ತದೆ, ಸರಿಯೇ? ಕೇಳಿತು ಯಂತ್ರ.
ಸಾವಿರ ಸಲ ಸರಿ ಎಂದ ಬೆರಳು, ಇವತ್ತೂ ಎಂದಿತು.
ನಿಜ ಹೇಳಬೇಕೆಂದರೆ ಏನೂ ನಾಶವಾಗುವುದಿಲ್ಲ, ಆ ಕ್ಷಣಕ್ಕೆ.
ಮನೆಗಳು ಇದ್ದಲ್ಲೇ ಇರುತ್ತವೆ,
ಬಾಗಿಲ ಮೇಲಿನ ನಂಬರಷ್ಟೇ ಒರೆಸಿಹೋಗಿರುತ್ತದೆ,
ಹೊಸಬರು ಬಂದು ಗೋಡೆ ಕೆಡವುವ ತನಕ.
ಇದನ್ನು ಹಂಪಮ್ಮನಿಗೆ ಹೇಳಲಿಲ್ಲ.

ಮೂವತ್ತೇಳು ಪರ್ಸೆಂಟಿಗೆ ಕರೆಂಟು ಹೋಯಿತು.
ನಾಡಿಗೆಲ್ಲ ಕರೆಂಟು ಬೇಯಿಸಿ ಬಡಿಸುವ ಊರು ನಮ್ಮದು,
ಅಡುಗೆಯವನ ಮನೆಯ ಒಲೆ ಆರಿದ್ದನ್ನು ಯಾರು ಕೇಳುತ್ತಾರೆ?
ಯುಪಿಎಸ್ಸು ನಾಲ್ಕು ನಿಮಿಷ ಕುಂಯ್‌ಗುಟ್ಟಿ ಬೇಡಿಕೊಂಡಿತು,
ಬಿಟ್ಟಿತು.
ಮಜ್ಜಿಗೆ ಕುಡಿದೆವು. ಮತ್ತೆ ಸೊನ್ನೆಯಿಂದ.

ಮೂರೂವರೆಗೆ ಪರದೆ ತೊಳೆದ ಅಂಗಳದಂತೆ ಬಂತು.
ಒಂದು ಕಸದ ಬುಟ್ಟಿ ಬಿಟ್ಟರೆ ಏನಿಲ್ಲ,
ಅದೂ ಖಾಲಿ.

ಅರ್ಜಿ ತೆರೆದೆ.
ಹಂಪಮ್ಮ ಕನ್ನಡಕ ಏರಿಸಿ ಬಗ್ಗಿದಳು, ಹಾಗೇ ನಿಂತಳು.
ಟೋಪಿ ಹಾಕಿದ ಎ, ಬಾಲ ಬಂದ ಸಿ,
ನಕಾರ ಇದ್ದಲ್ಲೆಲ್ಲ ಪೌಂಡಿನ ಗುರುತು.
"ಏ ಹುಡುಗಾ, ನನ್ನ ಅರ್ಜಿ ಲಂಡನ್ನಿಗೆ ಹೋತೇನೋ?"

ಎಲ್ಲಿಗೂ ಹೋಗಿಲ್ಲ ಅಕ್ಕ, ಇದ್ದಲ್ಲೇ ಐತಿ.
ಇದಕ್ಕೆ ನಿನ್ನ ಕೈ ಗೊತ್ತು, ನಿನ್ನ ಮುಖ ಮರೆತೈತಿ, ಅಷ್ಟೇ.
ಬೈಕಿನ ಕೀಲಿಗೆ ಜೋತುಬಿದ್ದ ಇನ್ನೊಂದು ಪೆನ್‌ಡ್ರೈವಿನಲ್ಲಿ
ಹಳೆಯ ನುಡಿ ಫಾಂಟು ಸದಾ ಇರುತ್ತದೆ.
ಹಾಕಿದೆ. ಮುಚ್ಚಿದೆ. ತೆರೆದೆ.
ಮೂಗನಿಗೆ ನುಡಿ ಬಂತು.

ಮೊದಲು ಬಂದದ್ದು, ಮಾನ್ಯರೇ.
ಆಮೇಲೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ.
ಆಮೇಲೆ, ನಿನ್ನೆ ಸಂಜೆ ಬಂದುಹೋದ ಒಬ್ಬಾಕೆ:
ದುರುಗಮ್ಮ ಗಂಡ ದಿವಂಗತ ಮೌನೇಶ,
ವಯಸ್ಸು ಇಪ್ಪತ್ತಾರು, ಸಾಕೀನ ಯರಗೇರಾ.
ಅರ್ಜಿ ಕಚೇರಿಯೊಳಗೆ ಹೋಗಿದೆ,
ಆಕೆ ಐದರ ಬಸ್ಸಿಗೆ ಹೋಗಿದ್ದಾಳೆ,
ಹೆಸರು ಮಾತ್ರ ಎದ್ದು ಹೋಗಲು ಮರೆತು
ಇಲ್ಲೇ ಕುರ್ಚಿಯ ತುದಿಯಲ್ಲಿ ಕೂತಿದೆ.

ನಾನಿನ್ನೂ ಓದುತ್ತಿದ್ದೆ. "ಸರಿ, ಏಳು," ಎಂದಳು ಹಂಪಮ್ಮ.
ಹೊರಗೆ ಛಾಪಾಕಾಗದ ಸುರುಳಿ ಸುತ್ತಿ ಹಿಡಿದ ಒಬ್ಬ
ಆಗಲೇ ಮೂರು ಸಲ ಕೆಮ್ಮಿದ್ದ.
ದುರುಗಮ್ಮನ ಮೇಲೆ ಮೌಸು ಎಳೆದಳು. ಹೆಸರು ನೀಲಿಯಾಯಿತು.
ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು, ಪರದೆ ನೋಡದೆ,
"ಹೇಳಪ್ಪ, ಏನ್ ಹೆಸರು?"