ಮಾರಿ ಬಂದಾಗ

ಸೊಲ್ಲಾಪುರದ ಬಸ್ಸಿನಿಂದ ಇಳಿದ ಮಾರಿಸೆಲ್
ಗಾಲಿ ಮುರಿದ ಪೆಟ್ಟಿಗೆ ಎಳಕೊಂಡು
ನನ್ನನ್ನು ಹುಡುಕುತ್ತ ನನ್ನ ಮುಂದೆಯೇ ಹಾದುಹೋದಳು.
ತಪ್ಪು ಅವಳದಲ್ಲ.
ಮಸ್ಕತ್ತಿನಲ್ಲಿ ನನ್ನ ಜಡೆ ಕರ್ರಗಿತ್ತು.
ನಾನೂ ಅಷ್ಟೇ, ಯಾರೋ ಮುದುಕಿಯನ್ನು ಬಿಟ್ಟು
ಅವಳ ಹಿಂದಿನ ಹುಡುಗಿಗೆ ಕೈ ಬೀಸುತ್ತಿದ್ದೆ.

ಹನ್ನೊಂದು ವರ್ಷ ಒಂದೇ ಆಸ್ಪತ್ರೆಯ ಅರಿವೆ ಒಗೆದವರು ನಾವು.
ಆಳೆತ್ತರದ ಯಂತ್ರಗಳು, ಆರು ಈ ಕಡೆ, ಆರು ಆ ಕಡೆ,
ನಡುವೆ ಇಬ್ಬರು. ಆಡಿದ ಮಾತು
ತುಟಿ ದಾಟುವ ಮೊದಲೇ ಗಿರ್ರನೆ ತಿರುಗಿ
ಹಿಂಡಿಹೋಗುತ್ತಿತ್ತು.
ಅದಕ್ಕೇ ಸನ್ನೆ:
ಹುಬ್ಬು ಮುಟ್ಟಿದರೆ ಮೇಸ್ತ್ರಿ ಬಂದ,
ಎದೆ ತಟ್ಟಿದರೆ ಮನೆಯಿಂದ ಕಾಗದ,
ಐದೂ ಬೆರಳು ಕೂಡಿಸಿ ಬಾಯಿಗೆ ತಂದರೆ
(ಇದನ್ನು ಕಲಿಸಿದವಳು ನಾನು)
ಉಂಡ್ಯಾ?

ಆಗ ಬದುಕಿದ್ದ ಅವ್ವ ಫೋನಿನಲ್ಲಿ:
"ಎಂಥಾ ಹೆಸರ ಬೇ ಅದು, ಮಾರಿ?
ಮಾರಿ ನೋಡಾಕರ ಚಲೋ ಐತೇನ ಆಕೀದು?"
ಐತಿ ಅಂದಿದ್ದೆ. ಈಗಲೂ ಐತಿ.

ಊರು ತೋರಿಸು ಅಂದಳು.
ನನಗೆ ಗೊತ್ತಿದ್ದದ್ದು ರೇಷನ್ ಅಂಗಡಿ,
ದರ್ಗಾದ ಹತ್ತಿರದ ಹಲ್ಲಿನ ಡಾಕ್ಟರು,
ಸಂತೆಯಲ್ಲಿ ಲಿಂಬಿಹಣ್ಣು ಯಾವ ಮೂಲೆಗೆ ಅಗ್ಗ ಎಂಬುದು.
ಗುಮ್ಮಟ ದಿನಾ ಕಾಣುತ್ತದೆ.
ದಿನಾ ಕಾಣುವುದನ್ನು ಯಾರು ಹತ್ತುತ್ತಾರೆ?
ನಾಕನೇತ್ತೆಯಲ್ಲಿ ಹತ್ತಿದ್ದೆ, ಮಾಸ್ತರರ ಸೀಟಿಗೆ ಹೆದರಿ.

ಹತ್ತಿದೆವು. ಅಂತಸ್ತಿಗೊಮ್ಮೆ
ಮೊಣಕಾಲು ನನ್ನನ್ನು ಬೈಯಿತು.
ಮೇಲೆ ಸಾಲಿ ಹುಡುಗರ ಕೂಗು
ಕೂಗನ್ನೇ ಹಡೆದು ಹಡೆದು ಗುಂಪಾಗಿತ್ತು.
ಕಾವಲಿನವ ಅವರನ್ನು ಇಳಿಸಿದ ಮೇಲೆ
ಮಾರಿ ಸುತ್ತುಹಾಕಿ ಎದುರು ದಂಡೆಗೆ ಹೋಗಿ
ಗೋಡೆಗೆ ಬಾಯಿ ಹಚ್ಚಿದಳು. ನಾನು ಕಿವಿ.

ಕೈಗಡಿಯಾರದ ಟಿಕ್ಕೂ ಆಚೆಗೆ ಕೇಳುತ್ತದೆ ಎಂದು
ಜಂಬ ಕೊಚ್ಚಿದವಳು ನಾನೇ.
ನನಗೆ ಕೇಳಿದ್ದು ಗಾರೆಯ ತಂಪು.
ಎಡಗಿವಿ ತೆಗೆದು ಬಲಗಿವಿ ಇಟ್ಟೆ. ಅದೇ ತಂಪು.
ಹತ್ತು ವರ್ಷ "ನೆಟ್‌ವರ್ಕ್ ಇಲ್ಲ ಮಾರಿ" ಅನ್ನುತ್ತ
ಬಚ್ಚಿಟ್ಟದ್ದು ಇದನ್ನೇ.

ನಾನೂ ಗೋಡೆಗೆ ಏನೋ ಹೇಳಿದೆ.
ಹೊರಳಿ ನೋಡಿದರೆ
ಪಾರಿವಾಳ ಹಾರುವ ಆ ಪಾತಾಳದಾಚೆ
ಅವಳೂ ಒಂದು ಕಿವಿ ತೆಗೆದು ಇನ್ನೊಂದು ಇಡುತ್ತಿದ್ದಾಳೆ.

ಆಮೇಲೆ ಗೋಡೆ ಬಿಟ್ಟು, ನೆಟ್ಟಗೆ ನಿಂತು,
ಐದೂ ಬೆರಳು ಕೂಡಿಸಿ
ಬಾಯಿಗೆ ತಂದಳು.

ಮಧ್ಯಾಹ್ನ ಮಲಿಕ್-ಎ-ಮೈದಾನದ ತೋಪಿನ ಹತ್ತಿರ
ಒಬ್ಬ ಹುಡುಗ, ಗೈಡೋ ಐಸ್‌ಕ್ಯಾಂಡಿಯವನೋ,
ಬಾಯಿ ದೊಡ್ಡದು ಮಾಡಿ ಹೇಳಿದ:
ಬತ್ತಿ ಹಚ್ಚಿದವ ಓಡಿಹೋಗಿ
ನೀರಿನ ಹೊಂಡಕ್ಕೆ ಜಿಗಿಯುತ್ತಿದ್ದನಂತೆ,
ಕಿವಿ ಒಡೆಯಬಾರದಲ್ಲ.
ಅರ್ಧ ಸನ್ನೆ, ಅರ್ಧ ಮಸ್ಕತ್ತಿನ ಹಿಂದಿಯಲ್ಲಿ
ಅವಳಿಗೆ ದಾಟಿಸಿದೆ.
ಮಾರಿ ತೋಪಿನ ತುದಿಯ ಸಿಂಹದ ಹಲ್ಲು ಸವರಿ,
"ನಮಗ್ಯಾರೂ ಹೊಂಡ ತೋಡಲಿಲ್ಲ ಸಿದ್ದವ್ವಾ" ಅಂದಳು.
ಅಂದದ್ದನ್ನು ತುಟಿಯಿಂದ ಓದಿಕೊಂಡೆ.
ನಕ್ಕೆವು. ಹುಡುಗ ಬೆಚ್ಚಿ ಹಿಂದೆ ಸರಿದ.
ಅಷ್ಟು ಜೋರಿತ್ತೋ ಏನೋ, ನಮಗೇನು ಗೊತ್ತು.

ಇಬ್ರಾಹಿಂ ರೋಜಾ ಉಳಿಯಿತು. ಬಾರಾ ಕಮಾನು
ಟಾಂಗಾದ ಹಿಂದಕ್ಕೆ ಸರಿದುಹೋಯಿತು, ಅವಳು ತೂಕಡಿಸುತ್ತಿದ್ದಳು.

ರಾತ್ರಿ ರೊಟ್ಟಿ ಬಡಿಯಲು ಕೂತೆ.
ಶೇಂಗಾ ಹಿಂಡಿಯ ಡಬ್ಬಿ ಆಗಲೇ ಅರ್ಧ ಖಾಲಿ,
ಬೆರಳು ನೆಕ್ಕುತ್ತ ಪಕ್ಕಕ್ಕೆ ಬಂದವಳು
ಇನ್ನೊಂದು ಕೈಯ ಅಂಗೈಯನ್ನು
ರೊಟ್ಟಿ ಹಲಗೆಯ ಅಂಚಿಗೆ ಊರಿದಳು,
ಸಪ್ಪಳ ಅಲ್ಲಿಂದ ಹತ್ತಿ ಬರಲೆಂದು.
ಐದನೆಯ ರೊಟ್ಟಿಗೆ ಹಿಟ್ಟು ಮುಗಿಯಿತು.
ಕೈ ತೆಗೆಯಲಿಲ್ಲ ಅವಳು.
ಬರಿ ಹಲಗೆಯನ್ನೇ
ಇನ್ನಷ್ಟು ಹೊತ್ತು ಬಡಿದೆ.