ಎಡಗಡೆ, ಇಲ್ಲ

ಸೊಲ್ಲಾಪುರ. ಮೂರನೇ ಟೇಬಲ್ಲು.
ಬಲಗಾಲ ಮೀನಖಂಡದಡಿ ಸಿಕ್ಕಿತು
ಬೆರಳುದ್ದ ಮಾಂಸ, ಅದರ ಬಾಲಕ್ಕೆ
ಹಿಮ್ಮಡಿವರೆಗೆ ಇಳಿದ ಬಿಳಿ ದಾರ.
ನರ ಅಂದೆ. ಮೇಡಮ್ ಮರಾಠಿಯಲ್ಲಿ ನಕ್ಕರು:
ಹೊಸಬರೆಲ್ಲ ಇಲ್ಲೇ ಮೋಸಹೋಗೋದು.

ಎಡಗಾಲಲ್ಲೂ ಅದೇ ಜಾಗ ಬಿಡಿಸಿದೆ.
ಕೊಬ್ಬು, ಜೇಡರಬಲೆಯಂಥ ಪೊರೆ.
ನಾನೇ ಕತ್ತರಿಸಿಬಿಟ್ಟೆನೇ?

ಬಕೆಟ್ ಇಳಿಸಿ ಇರಪಣ್ಣ ಬಗ್ಗಿ ನೋಡಿದ:
'ಇದ್ದಿದ್ದೇ ಇಲ್ಲ ಬಿಡವಾ.
ಹತ್ತು ಮಂದ್ಯಾಗ ಒಬ್ಬಗ ಇರಂಗಿಲ್ಲ.
ನಲವತ್ತು ವರ್ಷ ಮಗ್ಗ ತುಳದಾನ ಈತ,
ಎರಡೂ ಕಾಲೀಲೆ.
ಒಂದ್ ಚಾದರಾನೂ ಸೊಟ್ಟ ಬಂದಿಲ್ಲ.'

ನಿನಗೆ ಹೇಗೆ ಗೊತ್ತು, ಕೇಳಲಿಲ್ಲ;
ಅವನಾಗಲೇ ಆ ಕಾಲಿಗೆ
ಒದ್ದೆ ಬಟ್ಟೆ ಹೊದಿಸುತ್ತಿದ್ದ.

ಸಂಜೆ, ಅಕ್ಕಲಕೋಟೆ ಬಸ್ಸಿನ ಬೋರ್ಡು ಓದಲು
ತುದಿಗಾಲಲ್ಲಿ ನಿಂತೆ.
ಒಳಗೆ ಏನಿದೆಯೋ, ಏನಿಲ್ಲವೋ,
ಎರಡೂ ಕಾಲು ಎತ್ತಿದವು.